ಸಹಾಯ ಬೇಕು: ಕಿರುಚಿತ್ರದಲ್ಲಿ ಮಾತು ತುಟಿಗೆ ಕೂಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವೈದು ಜನ ಸೇರಿ ನಮ್ಮ ಊರಿನ ದಿನನಿತ್ಯದ ಬದುಕಿನ ಬಗ್ಗೆ ಕಿರುಚಿತ್ರ ಮಾಡುತ್ತಿದ್ದೇವೆ. ಬೆಳಗಿನ ಜಾವ ಪೇಪರ್ ಹಂಚುವವರು, ಚಪ್ಪಲಿ ಹೊಲಿಯುವ ಅಜ್ಜ, ಇಂಥವರ ಮಾತುಕತೆ. ಎಲ್ಲ ತೆಗೆದದ್ದು ಫೋನಿನಲ್ಲೇ.

ಎಡಿಟಿಂಗ್‌ಗೆ ಕೂತಾಗ ತಲೆನೋವು ಶುರು. ಮೊದಲ ಒಂದು ನಿಮಿಷ ಸರಿ ಇರುತ್ತದೆ, ಆಮೇಲೆ ಮಾತು ತುಟಿಗಿಂತ ಹಿಂದೆ ಬೀಳುತ್ತದೆ. ಫೋನು ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದನ್ನು) ಒಂದೇ ಸಮ ಇಡುವುದಿಲ್ಲ, ಅದಕ್ಕೇ ಹೀಗಂತೆ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಅದನ್ನು 25ಕ್ಕೆ ಕಟ್ಟಿದರೆ ಮಾತು ಕೂಡುತ್ತದೆ. ಆದರೆ 30ರಲ್ಲಿ ತೆಗೆದ ನಡಿಗೆಯ ದೃಶ್ಯಗಳು ಜರ್ಕ್ ಹೊಡೆಯುತ್ತವೆ. ಎಲ್ಲವನ್ನೂ 30ಕ್ಕೇ ಇಡೋದು ವಾಸಿನಾ?

ಇನ್ನೊಂದು. ಅಜ್ಜನಿಗೆ ಓದು ಬರುವುದಿಲ್ಲ, ಸುಮ್ನೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸೋಕೆ ನನಗೆ ಮನಸ್ಸಿಲ್ಲ. ಚಿತ್ರದಲ್ಲಿ ತೋರಿಸೋಕೆ ಒಪ್ಪಿಗೆಯನ್ನು ಕ್ಯಾಮೆರಾ ಮುಂದೆಯೇ ಹೇಳಿಸಿಕೊಂಡರೆ ಸಾಕಾ? ಮಾಡಿ ಅನುಭವ ಇದ್ದವರು ದಯವಿಟ್ಟು ತಿಳಿಸಿ.