ಪದ ಬೇಕು, ಅರ್ಜೆಂಟ್: ಬೌಲಿಂಗ್ ಚೆಂಡಿನ ‘ಕೋರ್’ ಮತ್ತು ‘ಫ್ಲೇರ್’

ಬಿಜೈ, ಮಂಗಳೂರು:
ಇಲ್ಲಿನ ಬೌಲಿಂಗ್ ಕೇಂದ್ರವೊಂದಕ್ಕೆ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ) ಕನ್ನಡ ಫಲಕ ಬರೆದುಕೊಡುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಚೆಂಡೊಂದನ್ನು ಅರ್ಧಕ್ಕೆ ಸೀಳಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೊರಗೆ ಮಿರುಗುವ ರೆಸಿನ್ ಸಿಪ್ಪೆ, ಒಳಗೆ ಬೇರೆ ಬಣ್ಣದ, ಬಲ್ಬಿನ ಆಕಾರದ ಗಟ್ಟಿ ಮುದ್ದೆ. ಇದೇ ಕೋರ್. ಚೆಂಡು ಉರುಳುವಾಗ ಅದರ ಅಕ್ಷವೇ ಜರುಗುವುದಕ್ಕೆ ಫ್ಲೇರ್ ಅನ್ನುತ್ತಾರೆ. ಕೋರ್‌ಗೆ ‘ಗುರುತ್ವ ಕೇಂದ್ರ’ ಎಂದು ಒಬ್ಬರು ಸೂಚಿಸಿದರು. ಸರಿಯೇ?

ಮಣಿಪಾಲ:
ತಪ್ಪು. ಗುರುತ್ವ ಕೇಂದ್ರ ಒಂದು ಬಿಂದು, ಮುದ್ದೆಯಲ್ಲ. ಇಲ್ಲಿ ತೂಕ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಎರಡು ಚೆಂಡೂ 15 ಪೌಂಡ್ ಇರಲಿ. ತೂಕ ನಡುವಿಗೆ ಒತ್ತಿಕೊಂಡಿದ್ದರೆ ಚೆಂಡು ಬೇಗ ಸುತ್ತು ಹಿಡಿಯುತ್ತದೆ. ಸಿಪ್ಪೆಯ ಕಡೆ ಸರಿದಿದ್ದರೆ ಸುಮಾರು ದೂರ ಜಾರಿ, ಆಮೇಲೆ ತಿರುಗುತ್ತದೆ. ಇದರ ಅಳತೆ ಪರಿಭ್ರಮಣ ತ್ರಿಜ್ಯ. ಆಟದ ನಿಯಮ ಮಾಡುವ ಅಮೆರಿಕದ ಬೌಲಿಂಗ್ ಕಾಂಗ್ರೆಸ್ ಅದನ್ನು 2.46ರಿಂದ 2.80 ಇಂಚಿನೊಳಗೆ ಕಟ್ಟಿಹಾಕಿದೆ. ಕೋರ್‌ಗೆ ‘ತಿರುಳು’ ಸಾಕು.

ಕುಂದಾಪುರ:
ತಿರುಳು ಬೇಡ ಮಾರಾಯ್ರೆ, ಅದು ಕೆರೆದು ತಿನ್ನುವಂಥದ್ದು. ‘ಗೊರಟು’ ಅನ್ನಿ. ಮಾವಿನ ಗೊರಟಿನ ಉದ್ದ ಬೇರೆ, ಅಗಲ ಬೇರೆ, ದಪ್ಪ ಬೇರೆ. ಕೋರೂ ಹಾಗೆಯೇ. ಎಲ್ಲ ಕಡೆಗೂ ಒಂದೇ ಆಗಿದ್ದರೆ ಫ್ಲೇರ್ ಎಲ್ಲಿಂದ ಬರಬೇಕು? ಅಂದ ಹಾಗೆ ಗೊರಟು, ಕೊರಡು ಎರಡೂ ಒಂದೇ ಬೇರಿನವು. ಮೊದಲಿಂದಲೂ ಹೇಳುತ್ತಿದ್ದೇನೆ.

ಮಣಿಪಾಲ:
ಮೊದಲಿಂದಲೂ ಆಧಾರ ಕೊಟ್ಟಿಲ್ಲ. ಸದ್ದು ಹೋಲಿದರೆ ನೆಂಟಸ್ತನ ಆಗುವುದಿಲ್ಲ. ಗೊರಟು ಮಾತ್ರ ಒಪ್ಪಿದೆ.

ಬಿಜೈ, ಮಂಗಳೂರು:
ಫ್ಲೇರ್‌ಗೆ?

ಮಣಿಪಾಲ:
ಚೆಂಡು ವಾಪಸ್ ಬಂದಾಗ ಅದರ ಮೈ ನೋಡಿ. ಲೇನಿನ, ಅಂದರೆ ಚೆಂಡು ಉರುಳುವ ಹಾದಿಯ, ಮೊದಲ ಭಾಗಕ್ಕೆ, ಸುಮಾರು 40 ಅಡಿ, ಎಣ್ಣೆ ಹಚ್ಚಿರುತ್ತಾರೆ. ಆ ಎಣ್ಣೆ ಚೆಂಡಿನ ಮೇಲೆ ಉಂಗುರ ಉಂಗುರವಾಗಿ ಕೂತಿರುತ್ತದೆ. ಉಂಗುರಗಳು ಎರಡು ಕಡೆ ಕೂಡಿಕೊಂಡು, ನಡುವೆ ಅಗಲಕ್ಕೆ ಹರಡಿರುತ್ತವೆ. ಅಕ್ಷ ಜರುಗಿದ್ದಕ್ಕೆ ಅದೇ ಗುರುತು. ಜರುಗದಿದ್ದರೆ ಎಣ್ಣೆ ಮೆತ್ತಿದ ಪಟ್ಟಿಯೇ ಮತ್ತೆ ಮತ್ತೆ ನೆಲಕ್ಕೆ ತಾಗುತ್ತದೆ, ಹಿಡಿತ ಸಿಗುವುದಿಲ್ಲ. ಜರುಗಿದರೆ ಪ್ರತಿ ಸುತ್ತಿಗೂ ಒಣ ಮೈ. ಆಗಲೇ ಚೆಂಡು ಜಾಸ್ತಿ ಕೊಕ್ಕೆ ಹೊಡೆಯುವುದು, ಅಂದರೆ ಪಕ್ಕಕ್ಕೆ ಬಾಗುವುದು. ‘ಅಕ್ಷಜರುಗು’ ಅನ್ನಬಹುದು.

ಕುಂದಾಪುರ:
ಅಕ್ಷ ಸಂಸ್ಕೃತ. ಗಾಡಿಗೆ ‘ಅಚ್ಚು’ ಇಲ್ವಾ? ‘ಅಚ್ಚುಜರುಗು’.

ಮಣಿಪಾಲ:
ಆ ಅಚ್ಚು ಅಕ್ಷದ್ದೇ ತದ್ಭವ. ಹೊರಗೆ ಹಾಕಿದ್ದನ್ನು ಹಿತ್ತಿಲ ಬಾಗಿಲಿಂದ ಕರೆದಿರಿ.

ಉಡುಪಿ:
ಸುಮ್ನೆ ಕೋರ್, ಫ್ಲೇರ್ ಅಂತಲೇ ಬರೆಯಿರಿ. ಆಡುವವರು ಹಾಗೇ ಅನ್ನುತ್ತಾರೆ. ಚಾವಿ, ಅನಾನಸು ಪೋರ್ಚುಗೀಸರ ಕಡೆಯಿಂದ ಬಂದವು. ಅವನ್ನೂ ಹಡಗು ಹತ್ತಿಸುತ್ತೀರಾ?

ಕುಂದಾಪುರ:
ಅವು ಬಂದಾಗ ವಸ್ತುವೂ ಹೊಸದು. ಗಟ್ಟಿ ನಡುವಿಗೆ ನಮ್ಮಲ್ಲಿ ಪದ ಇದೆ. ಇರುವುದನ್ನು ಬಿಟ್ಟು ಸಾಲ ತರುವುದು ಸೋಮಾರಿತನ.

ಉಡುಪಿ:
ಆಡಿದ್ದೀರಾ ಒಂದು ಸಲವಾದರೂ?

ಬಿಜೈ, ಮಂಗಳೂರು:
ಹೀಗೆ ಕಳಿಸುತ್ತಿದ್ದೇನೆ: ‘ಒಳಗಿನ ಗೊರಟಿನ ಆಕಾರದಿಂದ ಚೆಂಡಿನ ಅಕ್ಷ ಜರುಗುತ್ತದೆ. ಪ್ರತಿ ಸುತ್ತಿಗೂ ಒಣ ಮೈ ಲೇನಿಗೆ ತಾಗಿ ಚೆಂಡು ಬಾಗುತ್ತದೆ.’ ಫ್ಲೇರ್ ಬೇಕಾಗಲೇ ಇಲ್ಲ. ಲೇನ್ ಲೇನ್ ಆಗಿಯೇ ಇರಲಿ. ಅದನ್ನು ಈಗ ಎತ್ತಬೇಡಿ.

ಕುಂದಾಪುರ:
‘ಓಣಿ’ ಇದೆಯಲ್ಲ.