ಪದಚರ್ಚೆ: ‘ಐವರಿ ಮಾಡೆಲ್ ಬೋಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶಾಲೆಯೊಂದರ ಪ್ರದರ್ಶನಕ್ಕೆ ಚಿತ್ರಗಳ ಅಡಿಬರಹ ಬರೆಯುತ್ತಿದ್ದೇನೆ. ಒಂದು ಚಿತ್ರ ಹಳೆಯ ಈಜಿಪ್ಟಿನದು. ನಕಾದಾ ಕಾಲದ್ದು, ಪಿರಮಿಡ್‌ಗಳಿಗಿಂತ ಹಿಂದಿನದು. ‘ಐವರಿ ಮಾಡೆಲ್ ಬೋಟ್’ ಅಂತಷ್ಟೇ ಇದೆ. ‘ಆನೆದಂತದ ಮಾದರಿ ದೋಣಿ’ ಎಂದು ಬರೆದೆ. ಓದಿದರೆ ‘ಮಾದರಿ ಶಾಲೆ’ ನೆನಪಾಗುತ್ತದೆ, ಎಲ್ಲರೂ ನೋಡಿ ಕಲಿಯಬೇಕಾದ ದೋಣಿ ಅನ್ನುವ ಹಾಗೆ. ‘ಆಟಿಕೆ’ ಅನ್ನಲು ಮನಸ್ಸಿಲ್ಲ, ಗೋರಿಯಲ್ಲಿ ಇಟ್ಟದ್ದಲ್ವಾ? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ದಯವಿಟ್ಟು ಬೇಗ ತಿಳಿಸಿ.

ಉತ್ತರ:

‘ಆನೆಕೊಂಬಿನ ಪಡಿಯೋಡ’. ‘ಪಡಿ’ ಅಂದರೆ ನಕಲು, ‘ಓಡ’ ಅಂದರೆ ದೋಣಿ. ದಂತ ಸಂಸ್ಕೃತ, ದೋಣಿ ‘ದ್ರೋಣಿ’ಯಿಂದ ಬಂದದ್ದು. ಎರಡೂ ಬೇಡ. ಆನೆಯನ್ನು ಮಾತ್ರ ಬಿಡಬೇಡಿ. ಈಜಿಪ್ಟಿನವರು ಆನೆಗೂ ದಂತಕ್ಕೂ ‘ಆಬು’ ಎಂಬ ಒಂದೇ ಪದ ಬಳಸುತ್ತಿದ್ದರು. ಅಸ್ವಾನ್ ಬಳಿಯ ಎಲಿಫೆಂಟೈನ್ ದ್ವೀಪದ ಹಳೆಯ ಹೆಸರೂ ಅದೇ. ಪದದ ಬೇರು ಹಿಡಿದರೆ ದಾರಿ ಸಿಗುತ್ತದೆ.

ಅದಕ್ಕೆ ಉತ್ತರ:

ಬೇರು ಹಿಡಿದು ವಸ್ತುವನ್ನೇ ಬಿಟ್ಟಿರಿ. ಹಳೆಯ ಈಜಿಪ್ಟಿನಲ್ಲಿ ನೀರಾನೆಯ ಹಲ್ಲಿನಲ್ಲೂ ಧಾರಾಳವಾಗಿ ಕೆತ್ತುತ್ತಿದ್ದರು. ನೀರಾನೆ ನೈಲ್ ನದಿಯಲ್ಲೇ ಇತ್ತು. ಅದರ ಹಲ್ಲು ಆನೆಯದಕ್ಕಿಂತ ಬಿಳಿ, ಗಟ್ಟಿಯೂ ಹೌದು. ಅದಕ್ಕೆ ಕೊಂಬು ಎಲ್ಲಿಂದ ತರುತ್ತೀರಿ? ‘ದಂತ’ ಅಂದರೆ ಹಲ್ಲು. ಎರಡು ಪ್ರಾಣಿಗೂ ಹೊಂದುತ್ತದೆ. ಮೂಲದಲ್ಲಿ ಆನೆ ಇಲ್ಲದಿದ್ದರೆ ನೀವು ಸೇರಿಸಬೇಡಿ.

‘ಪಡಿ’ ಅಚ್ಚಗನ್ನಡ ಅಂದುಕೊಂಡಿದ್ದೀರಾ? ಅದು ‘ಪ್ರತಿ’ಯ ತದ್ಭವ. ಸಂಸ್ಕೃತವನ್ನು ಮುಂಬಾಗಿಲಿಂದ ಕಳಿಸಿ ಹಿಂಬಾಗಿಲಿಂದ ಕರೆದಂತಾಯಿತು. ‘ಓಡ’ ಒಳ್ಳೆಯ ಪದ, ತುಳುವಿನಲ್ಲಿ ಇವತ್ತಿಗೂ ಇದೆ. ಆದರೆ ಓದುವವರು ಶಾಲೆ ಮಕ್ಕಳು. ಅವರಿಗೆ ‘ಓಟ’ ಅನ್ನಿಸುತ್ತದೆ. ತಮಿಳಿನಲ್ಲೂ ‘ತೋಣಿ’ ಇದೆ. ಯಾರು ಯಾರಿಂದ ಪಡೆದರೋ, ದೋಣಿ ನಮ್ಮದೇ.

ಕೇಳಿದವರಿಗೆ ಒಂದು ಮಾತು. ‘ಪ್ರತಿಕೃತಿ’ಯೂ ಬೇಡ. 1920ರಲ್ಲಿ ಈಜಿಪ್ಟಿನ ಥೀಬ್ಸ್‌ನಲ್ಲಿ ಮೆಕೆತ್ರೆ ಎಂಬ ಹಿರಿಯ ಅಧಿಕಾರಿಯ ಗೋರಿಯಲ್ಲಿ ಮರದ ಪುಟ್ಟ ದೋಣಿಗಳು ಸಿಕ್ಕವು, ಅಂಬಿಗರ ಸಮೇತ. ಅವು ಸುಮಾರು 4000 ವರ್ಷ ಹಳೆಯವು. ಸತ್ತವನು ಆಚೆಯ ಬದುಕಿನಲ್ಲಿ ನಿಜಕ್ಕೂ ಬಳಸಲಿ ಎಂದು ಇಟ್ಟವು, ಸುಮ್ನೆ ನಕಲು ಮಾಡಿದ್ದಲ್ಲ. ನಿಮ್ಮ ದೋಣಿ ಇನ್ನೂ ಹಳೆಯದು, ಅದಕ್ಕೆ ಆ ಅರ್ಥವನ್ನು ಹಚ್ಚುವುದಿಲ್ಲ. ಆದರೆ ಗೋರಿಯಲ್ಲಿ ಇಟ್ಟವರಿಗೆ ಅದು ದೋಣಿಯೇ. ‘ದಂತದಲ್ಲಿ ಕೆತ್ತಿದ ಪುಟ್ಟ ದೋಣಿ’ ಎಂದು ಬರೆಯಿರಿ. ಅಳತೆ ಗೊತ್ತಿದ್ದರೆ ಪಕ್ಕದಲ್ಲಿ ಹಾಕಿ, ‘ಮಾಡೆಲ್’ ಮಾಡಬೇಕಾದ ಕೆಲಸ ಅದೇ ಮಾಡುತ್ತದೆ.

ಮತ್ತೆ, ಮೊದಲು ಉತ್ತರ ಕೊಟ್ಟವರು:

‘ಪಡಿ’ ವಿಷಯ ಒಪ್ಪಿದೆ. ‘ಪುಟ್ಟ’ವೂ ಸರಿ. ದಂತ ಒಪ್ಪಲಾರೆ. ಹಲ್ಲೇ ಆದರೆ ‘ಹಲ್ಲು’ ಅನ್ನಲು ನಾಚಿಕೆ ಯಾಕೆ? ನಮ್ಮ ಪದವನ್ನು ಬಾಯಿಗಷ್ಟೇ ಇಟ್ಟು, ಬೆಲೆಬಾಳುವ ವಸ್ತುವಿಗೆಲ್ಲ ಸಾಲದ ಪದ ಕೊಡುತ್ತೇವೆ. ಇದು ಒಂದು ದೋಣಿಯ ಮಾತಲ್ಲ.

ಕೇಳಿದವರು:

‘ದಂತದಲ್ಲಿ ಕೆತ್ತಿದ ಪುಟ್ಟ ದೋಣಿ’ ಎಂದೇ ಕಳಿಸಿದೆ. ಕೆಳಗೆ ‘ಗೋರಿಯಲ್ಲಿ ಇಟ್ಟದ್ದು’ ಅಂತಲೂ ಸೇರಿಸಿದೆ. ಇಬ್ಬರಿಗೂ ಧನ್ಯವಾದ.