ಅಂಗವಿಕಲರ ಸೇವಾಸಂಸ್ಥೆಗೆ ಸಂಬಳವಿಲ್ಲದ ಅಧ್ಯಕ್ಷರು ಬೇಕು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ
ನಮ್ಮ ಆಡಳಿತ ಮಂಡಳಿ ಅಧ್ಯಕ್ಷರ ಅವಧಿ ಇನ್ನು 7 ತಿಂಗಳಿಗೆ ಮುಗಿಯುತ್ತದೆ. 9 ಸದಸ್ಯರಲ್ಲಿ ಅಂಗವಿಕಲರು ಒಬ್ಬರೇ. ಹೆಸರುವಾಸಿಯಾದ ಯಾರನ್ನಾದರೂ ಕೇಳೋಣ ಎಂದು ಕೆಲವರು, ಬಹಿರಂಗವಾಗಿ ಅರ್ಜಿ ಕರೆಯೋಣ ಎಂದು ಕೆಲವರು. ಯಾವುದು ಸರಿ?

ಉತ್ತರ 1
ಅರ್ಜಿ ಕರೆಯಿರಿ. ಅದಕ್ಕೂ ಮೊದಲು ಬೈಲಾ, ಅಂದರೆ ಸಂಸ್ಥೆಯ ನಿಯಮಾವಳಿ ಓದಿ. ಅಧ್ಯಕ್ಷರು ಹಾಲಿ ಸದಸ್ಯರೇ ಆಗಿರಬೇಕು ಎಂದಿದ್ದರೆ ಹೊರಗಿನವರನ್ನು ಮೊದಲು ಸದಸ್ಯರಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ಸಂದರ್ಶನ ಮುಗಿದ ಮೇಲೆ ಇದು ಕಣ್ಣಿಗೆ ಬಿದ್ದರೆ ಪೇಚು. ಆಯ್ಕೆ ಸಮಿತಿಗೆ ಮೂರ್ನಾಲ್ಕು ಜನ ಸಾಕು. ಹಾಲಿ ಅಧ್ಯಕ್ಷರು ಅದರಲ್ಲಿ ಬೇಡ, ಅವರದೇ ಪಡಿಯಚ್ಚು ಬಂದು ಕೂರುತ್ತದೆ. ಕಾರ್ಯನಿರ್ವಾಹಕ ಮುಖ್ಯಸ್ಥರ ಅಭಿಪ್ರಾಯ ಕೇಳಿ, ಆದರೆ ಆಯ್ಕೆಯಲ್ಲಿ ಅವರಿಗೆ ಮತದ ಹಕ್ಕು ಕೊಡಬೇಡಿ. ಅವರ ಕೆಲಸವನ್ನು ಅಳೆಯುವವರೇ ಅಧ್ಯಕ್ಷರಲ್ಲವೇ?

ಪ್ರಕಟಣೆಯಲ್ಲಿ 'ವರ್ಷಕ್ಕೆ 4 ಸಭೆ' ಎಂದಷ್ಟೇ ಬರೆದರೆ ಅರ್ಧ ಸತ್ಯ. ಕಾರ್ಯಸೂಚಿ, ಕಡತ ಓದುವುದು, ಮುಖ್ಯಸ್ಥರ ಜತೆ ಎರಡು ವಾರಕ್ಕೊಮ್ಮೆ ಒಂದು ಗಂಟೆ, ನಡುವೆ ದೂರು, ದಾನಿಗಳ ಭೇಟಿ ಎಲ್ಲ ಸೇರಿ ತಿಂಗಳಿಗೆ 3–4 ದಿನ ಹಿಡಿಸಬಹುದು. ಅಷ್ಟನ್ನೂ ಬರೆಯಿರಿ. ಹೆಸರಿಗಾಗಿ ಬಂದವರು ಸಾಮಾನ್ಯವಾಗಿ ಇಲ್ಲೇ ಕೈಬಿಡುವುದು.

ಉತ್ತರ 2
ಅಂಗವಿಕಲರಿಗಾಗಿ ಇರುವ ಸಂಸ್ಥೆ ಬೇರೆ, ಅಂಗವಿಕಲರೇ ನಡೆಸುವ ಸಂಸ್ಥೆ ಬೇರೆ. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆ ಒಡಂಬಡಿಕೆಯನ್ನು ವಿವರಿಸುವ 2018ರ 7ನೇ ಸಾಮಾನ್ಯ ಟಿಪ್ಪಣಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತದೆ. ಒಂಬತ್ತರಲ್ಲಿ ಒಬ್ಬರು ಎಂದರೆ ನೀವು ಎಲ್ಲಿದ್ದೀರಿ ಎಂಬುದು ಸ್ಪಷ್ಟ. ಈ ಹುದ್ದೆ ಅದನ್ನು ಬದಲಿಸುವ ಅವಕಾಶ.

ಹಾಗಾಗಿ ಪ್ರಕಟಣೆಯನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಹಾಕಬೇಡಿ. ಅಂಧರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಧ್ವನಿಮುದ್ರಿಕೆಯಲ್ಲೋ ಸನ್ನೆಭಾಷೆಯ ವಿಡಿಯೊದಲ್ಲೋ ಅರ್ಜಿ ಹಾಕಲು ಬಿಡಿ. ಸಂಬಳವಿಲ್ಲ ಎಂದರೆ ಕೈಯಿಂದ ಖರ್ಚು ಮಾಡಬೇಕು ಎಂದಲ್ಲ. ಪ್ರಯಾಣ, ಸಹಾಯಕರು, ದುಭಾಷಿಗಳ ವೆಚ್ಚ ಸಂಸ್ಥೆಯ ಬಜೆಟ್‌ನಲ್ಲೇ ಇರಲಿ. ಉದ್ದದ ಸಭೆಗೆ ಸನ್ನೆಭಾಷೆಯ ದುಭಾಷಿಗಳು ಇಬ್ಬರು ಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಕೈ ಬದಲಿಸುತ್ತಾರೆ.

ಸಂದರ್ಶನದ ಪ್ರಶ್ನೆಗಳನ್ನು ಎಲ್ಲರಿಗೂ ಎರಡು ದಿನ ಮುಂಚೆ ಕಳಿಸಿ. ಆಮೇಲೆ 20 ನಿಮಿಷ ಒಂದು ಅಣಕು ಸಭೆ ನಡೆಸಲು ಹೇಳಿ. ನಿಧಾನ ಮಾತಾಡುವ ಸದಸ್ಯರು ವಾಕ್ಯ ಮುಗಿಸುವವರೆಗೆ ಕಾಯುತ್ತಾರೋ, ನಡುವೆ ಬಾಯಿ ಹಾಕಿ ತಾವೇ ಪೂರ್ತಿ ಮಾಡುತ್ತಾರೋ? ಕಿವುಡ ಸದಸ್ಯರಿಗೆ ಉತ್ತರಿಸುವಾಗ ಅವರ ಮುಖ ನೋಡುತ್ತಾರೋ, ದುಭಾಷಿಯ ಮುಖ ನೋಡುತ್ತಾರೋ? ಯಾವ ಬಯೋಡೇಟಾದಲ್ಲೂ ಇದು ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು
ನಮ್ಮಲ್ಲಿ ಸೇವೆ ಪಡೆಯುವ ಮಗುವಿನ ಪೋಷಕರು ಅರ್ಜಿ ಹಾಕಬಹುದೇ?

ಉತ್ತರ 1
ಬೈಲಾದಲ್ಲಿ ಅಡ್ಡಿಯಿಲ್ಲದಿದ್ದರೆ ಹಾಕಲಿ. ಹಿತಾಸಕ್ತಿಯನ್ನು ಲಿಖಿತವಾಗಿ ಘೋಷಿಸಬೇಕು. ಶುಲ್ಕ, ಸೀಟು ಹಂಚಿಕೆ, ಅವರ ಮಗುವಿನ ವಿಭಾಗದ ಬಗ್ಗೆ ತೀರ್ಮಾನ ಬಂದಾಗ ಹೊರಗೆ ಕೂತು ಉಪಾಧ್ಯಕ್ಷರಿಗೆ ಸಭೆ ಬಿಟ್ಟುಕೊಡಬೇಕು. ಉಪಾಧ್ಯಕ್ಷರೇ ಇಲ್ಲದಿದ್ದರೆ ಆ ಹುದ್ದೆಯನ್ನೂ ಈಗಲೇ ತುಂಬಿ. ಯಾರೇ ಆಯ್ಕೆಯಾದರೂ ಅಧಿಕಾರ ವಹಿಸುವ ಮುನ್ನ ಎರಡು ಸಭೆಗಳಲ್ಲಿ ಸುಮ್ಮನೆ ಕೂತು ನೋಡಲಿ. ಬ್ಯಾಂಕ್ ಸಹಿ ಬದಲಾವಣೆಯ ಅರ್ಜಿಯನ್ನು ಮೊದಲ ದಿನವೇ ಕೊಡಿ, ಅದು ತಡವಾದರೆ ಸಿಬ್ಬಂದಿಯ ಸಂಬಳ ನಿಲ್ಲುತ್ತದೆ.